215 ಕುದುರೆ ಸಾಲಲ್ವಾ? ಲೆಕ್ಸಸ್ ಇಎಸ್ 300ಎಚ್ ಓಡಿಸಿದ ಮೇಲೆ

ಗಾಡಿ ತಂದು ನಿಲ್ಲಿಸಿ ಇನ್ನೂ ಕೆಳಗೆ ಇಳಿದಿರಲಿಲ್ಲ, ಗೆಳೆಯನ ಪ್ರಶ್ನೆ ಬಂತು. "ಎಷ್ಟು ಬಿಎಚ್‌ಪಿ?" ಅಂದರೆ ಪವರ್ ಎಷ್ಟು ಕುದುರೆಗಳಷ್ಟು ಅಂತ. 215 ಅಂದೆ. ಮುಖ ಸಪ್ಪೆ ಮಾಡಿಕೊಂಡ. ಹೆಚ್ಚುಕಡಿಮೆ ಐದು ಮೀಟರ್ ಉದ್ದದ ಲಕ್ಷುರಿ ಸೆಡಾನ್, ಅದಕ್ಕೆ ಇಷ್ಟೇನಾ ಅಂತ ಅವನ ಬೇಸರ. ಸರಿ, ನಿನ್ನ ಗಾಡಿಯದು ಎಷ್ಟು ಅಂತ ತಿರುಗಿಸಿ ಕೇಳಿದೆ. ಗೊತ್ತಿಲ್ಲ! ಆರು ವರ್ಷದಿಂದ ದಿನಾ ಓಡಿಸುತ್ತಿದ್ದಾನೆ, ಒಂದೊಂದು ಸರ್ವಿಸ್‌ನ ಬಿಲ್ಲೂ ಬಾಯಿಪಾಠ, ಆದರೆ ಪವರ್ ಎಷ್ಟು ಅಂತ ನೆನಪಿಲ್ಲ. ಕೊಳ್ಳುವಾಗ ಇದೇ ಅಂಕಿ ಹಿಡಿದುಕೊಂಡು ಸೇಲ್ಸ್‌ನವರ ತಲೆ ತಿಂದಿದ್ದ, ಅದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಟೊಯೋಟಾದ ಲಕ್ಷುರಿ ಬ್ರ್ಯಾಂಡ್ ಲೆಕ್ಸಸ್‌ನ ಈ ಹೈಬ್ರಿಡ್ ಸೆಡಾನ್ ಇಎಸ್ 300ಎಚ್ ಅನ್ನು ನಾಲ್ಕು ದಿನ ಓಡಿಸಿದೆ. ಅಷ್ಟೂ ದಿನ ತಲೆಯಲ್ಲಿ ಅವನ ಆ ಸಪ್ಪೆ ಮುಖವೇ ಇತ್ತು. ಲಕ್ಷುರಿ ಸೆಡಾನ್ ಕೊಳ್ಳುವವರು ನಿಜವಾಗಿ ಪವರ್ ನೋಡಿ ಕೊಳ್ಳುತ್ತಾರಾ, ಇಲ್ಲ ಸುಮ್ನೆ ಕೇಳುತ್ತಾರಾ? ಹಾಗಾಗಿ ಇದು ಅರ್ಧ ಗಾಡಿಯ ವಿಮರ್ಶೆ, ಅರ್ಧ ಈ ಪ್ರಶ್ನೆಯ ಜೊತೆ ಕುಸ್ತಿ.

ಮೊದಲು ಗಾಡಿ. ಇದು 2018ರಲ್ಲಿ ಬಂದ ಏಳನೇ ತಲೆಮಾರಿನ ಇಎಸ್. 2.5 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಜೊತೆಗೆ ಎಲೆಕ್ಟ್ರಿಕ್ ಮೋಟಾರ್. ಪವರ್ ಲೆಕ್ಕದಲ್ಲಿ ಇಲ್ಲೇ ಒಂದು ತಮಾಷೆ ಇದೆ. ಎಂಜಿನ್ 131 ಕಿಲೋವ್ಯಾಟ್, ಮೋಟಾರ್ 88 ಕಿಲೋವ್ಯಾಟ್. ಕೂಡಿಸಿದರೆ 219 ಆಗಬೇಕು, ಅಲ್ವಾ? ಕಂಪನಿ ಹೇಳುವುದು ಬರೀ 160. ಉಳಿದದ್ದು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಮೋಟಾರಿಗೆ ಬರುವ ಕರೆಂಟಿನಲ್ಲಿ ಒಂದು ಪಾಲನ್ನು ಎಂಜಿನ್ನೇ ಜನರೇಟರ್ ತಿರುಗಿಸಿ ಕೊಡುತ್ತದೆ, ಅದನ್ನು ಎರಡು ಸಲ ಎಣಿಸುವ ಹಾಗಿಲ್ಲ. ಬ್ಯಾಟರಿ ತನ್ನ ಕಡೆಯಿಂದ ಸೇರಿಸುವುದು ಸುಮಾರು 29 ಕಿಲೋವ್ಯಾಟ್ ಮಾತ್ರ. ಆ 160 ಕಿಲೋವ್ಯಾಟನ್ನು ಒಂದು ಕಡೆ 215 ಅಂತ, ಇನ್ನೊಂದು ಕಡೆ 218 ಅಂತ ಬರೆದಿರುತ್ತಾರೆ. ಎರಡೂ ಸರಿ. ಒಂದು ಬ್ರಿಟಿಷ್ ಅಳತೆಯ ಕುದುರೆ, ಇನ್ನೊಂದು ಮೆಟ್ರಿಕ್ ಕುದುರೆ. ಅಂದರೆ ನಾವು ಇಷ್ಟೊಂದು ಜಗಳ ಆಡುವ ಅಂಕಿಗೆ ಕುದುರೆಯ ತಳಿಯೇ ಒಂದಲ್ಲ.

ಓಡಿಸಿದರೆ ಹೇಗಿದೆ? 100 ಕಿಲೋಮೀಟರ್ ವೇಗ ಮುಟ್ಟಲು ಕಂಪನಿ ಲೆಕ್ಕದಲ್ಲಿ 8.9 ಸೆಕೆಂಡ್. ಇವತ್ತಿನ ಕಾಲಕ್ಕೆ ಇದು ಹೇಳಿಕೊಳ್ಳುವಂಥ ಅಂಕಿ ಏನಲ್ಲ. ಆದರೆ ನಿಂತಲ್ಲಿಂದ ಹೊರಡುವಾಗ ಮೋಟಾರ್ ತಳ್ಳುತ್ತದಲ್ಲ, ಆ ಮೊದಲ ಎರಡು ಮೂರು ಸೆಕೆಂಡ್ ಎಷ್ಟು ನಯ ಅಂದರೆ ಗಾಡಿ ಹೊರಟಿದ್ದು ಕಿಟಕಿಯಾಚೆ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಸಿಗ್ನಲ್, ನಿಧಾನದ ಟ್ರಾಫಿಕ್, ತಿರುವು, ಮತ್ತೆ ಸಿಗ್ನಲ್, ಹೀಗೆ ದಿನದ ಓಡಾಟದಲ್ಲಿ ಪವರ್ ಕಮ್ಮಿ ಅಂತ ಒಂದು ಸಲವೂ ಅನಿಸಲಿಲ್ಲ. ಅನಿಸಿದ್ದು ಒಂದೇ ಕಡೆ. ಉದ್ದದ ಏರು, ಗಾಡಿ ತುಂಬ ಜನ, ಮುಂದೆ ಲಾರಿ, ಓವರ್‌ಟೇಕ್ ಮಾಡಲು ಪೂರ್ತಿ ಎಕ್ಸಲರೇಟರ್ ಒತ್ತಿದೆ. ಆಗ ಎಂಜಿನ್ ಒಂದೇ ಸ್ವರದಲ್ಲಿ ಕೂಗಲು ಶುರು ಮಾಡುತ್ತದೆ, ವೇಗ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಇದು ಈ ಗಾಡಿಯ ಗೇರ್‌ಬಾಕ್ಸ್, ಅಂದರೆ ಇ-ಸಿವಿಟಿಯ ಹುಟ್ಟುಗುಣ. ಅದರಲ್ಲಿ ಗೇರ್ ಮೆಟ್ಟಿಲುಗಳಿಲ್ಲ, ಪ್ಲಾನೆಟರಿ ಗೇರ್ (ಒಂದರ ಸುತ್ತ ಇನ್ನೊಂದು ತಿರುಗುವ ಹಲ್ಲುಚಕ್ರಗಳ ಗುಂಪು) ಒಂದೇ ಎಂಜಿನ್ ಮತ್ತು ಮೋಟಾರ್ ಎರಡರ ಲೆಕ್ಕ ಸರಿದೂಗಿಸುತ್ತಿರುತ್ತದೆ. ಓವರ್‌ಟೇಕ್ ಆಯಿತು, ಹೆದರಿಕೆ ಆಗಲಿಲ್ಲ. ಆದರೆ ಲಕ್ಷುರಿ ಅನ್ನುವುದು ಆ ಐದಾರು ಸೆಕೆಂಡ್ ರಜೆ ಹಾಕಿತ್ತು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಂಥ ಸೆಡಾನ್ ಒಂದನ್ನು ಸಮತಟ್ಟಾದ ರಸ್ತೆಯಲ್ಲಿ 100ರ ವೇಗದಲ್ಲಿ ಓಡಿಸುತ್ತಾ ಇರಲು ಬೇಕಾಗುವುದು ಹೆಚ್ಚುಕಡಿಮೆ 20 ಕುದುರೆ. ಅಷ್ಟೇ. ಗಾಳಿಯನ್ನು ಸೀಳಲು ಒಂದಿಷ್ಟು, ಟೈರ್ ಉರುಳಲು ಒಂದಿಷ್ಟು. ವೇಗ ಏರಿದ ಹಾಗೆ ಗಾಳಿಗೆ ಬೇಕಾಗುವ ಪವರ್ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ, ವೇಗ ಎರಡು ಪಟ್ಟಾದರೆ ಪವರ್ ಎಂಟು ಪಟ್ಟು. ಆದರೂ 180ರಲ್ಲಿ ಓಡಲು ನೂರು ಕುದುರೆ ಒಳಗೇ ಸಾಕಾಗುತ್ತದೆ. ಇಎಸ್ 300ಎಚ್‌ನ ಗರಿಷ್ಠ ವೇಗವೂ 180ಕ್ಕೇ ನಿಲ್ಲುತ್ತದೆ. ಹಾಗಾದರೆ ಉಳಿದ ಕುದುರೆಗಳು ಲಾಯದಲ್ಲಿ ನಿಂತು ಹುಲ್ಲು ತಿನ್ನುತ್ತಿವೆಯಾ? ಹಾಗೂ ಅಲ್ಲ. ಅವು ವೇಗ ಹೆಚ್ಚಿಸುವ ಆ ಕೆಲವು ಕ್ಷಣಗಳಿಗೆ, ಏರಿಗೆ, ತುಂಬಿದ ಗಾಡಿಗೆ. ಅಂದರೆ ದಿನದಲ್ಲಿ ಒಂದೆರಡು ನಿಮಿಷಕ್ಕೆ. ಆ ಒಂದೆರಡು ನಿಮಿಷಕ್ಕೆ ಎಷ್ಟು ದುಡ್ಡು ಕೊಡುತ್ತೀರಿ ಅನ್ನುವುದೇ ಪ್ರಶ್ನೆ.

ಜನ ಏನು ಉತ್ತರ ಕೊಟ್ಟಿದ್ದಾರೆ ಅಂತ ನೋಡಲು ದೂರ ಹೋಗಬೇಕಿಲ್ಲ, ಲೆಕ್ಸಸ್ ಮನೆಯೊಳಗೇ ಇಣುಕಿದರೆ ಸಾಕು. ಅಲ್ಲಿ ಜಿಎಸ್ ಅಂತ ಇನ್ನೊಂದು ಸೆಡಾನ್ ಇತ್ತು. ಎಂಜಿನ್ನಿನ ಪವರ್ ಹಿಂದಿನ ಚಕ್ರಗಳಿಗೆ ಹೋಗುವ ಗಾಡಿ, 311 ಕುದುರೆಯ ವಿ6 (ಆರು ಸಿಲಿಂಡರ್) ಎಂಜಿನ್, ಅದರ ಮೇಲೆ 467 ಕುದುರೆಯ ಜಿಎಸ್ ಎಫ್, ಎಂಟು ಸಿಲಿಂಡರಿನ 5 ಲೀಟರ್ ವಿ8. ಓಡಿಸಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಕಾರು ಹುಚ್ಚಿನವರು ಇಎಸ್ ಅನ್ನು ನೋಡಿ "ಇದು ಅಜ್ಜಂದಿರ ಗಾಡಿ" ಅಂತ ನಗುತ್ತಿದ್ದರು. ಆದರೆ ಅಮೆರಿಕದ ಮಾರುಕಟ್ಟೆಯಲ್ಲಿ ಕೊನೆಕೊನೆಗೆ ಒಂದು ಜಿಎಸ್ ಹೋಗುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಇಎಸ್ ಹೋಗುತ್ತಿದ್ದವು. 2020ರಲ್ಲಿ ಜಿಎಸ್ ಬಾಗಿಲು ಹಾಕಿತು. ಯುರೋಪಿನಲ್ಲಂತೂ ಜಿಎಸ್ ಜಾಗಕ್ಕೆ ಬಂದು ಕೂತದ್ದು ಇದೇ 215 ಕುದುರೆಯ ಇಎಸ್ 300ಎಚ್. ಹೊಗಳಿದವರು ಬೇರೆ, ಚೆಕ್ ಬರೆದವರು ಬೇರೆ.

ಇದು ಲೆಕ್ಸಸ್‌ಗೆ ಹೊಸದೂ ಅಲ್ಲ. 1989ರಲ್ಲಿ ಅವರ ದೊಡ್ಡ ಸೆಡಾನ್ ಎಲ್‌ಎಸ್ 400 ಬಂದಾಗ ಅದರ 4 ಲೀಟರ್ ವಿ8 ಕೊಡುತ್ತಿದ್ದುದು 250 ಕುದುರೆ. ಕಮ್ಮಿ ಅಲ್ಲ, ಆದರೆ ಅದಕ್ಕೆ ಎರಡು ವರ್ಷ ಮೊದಲೇ ಬಿಎಂಡಬ್ಲ್ಯು 750ಐಎಲ್ 300 ಕುದುರೆಯ ವಿ12 ಹಾಕಿಕೊಂಡು ಬಂದಿತ್ತು. ಲೆಕ್ಸಸ್ ಆ ಓಟಕ್ಕೆ ಇಳಿಯಲೇ ಇಲ್ಲ. ಅದರ ಜಾಹೀರಾತು ನೆನಪಿದೆಯಾ? ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಬಾನೆಟ್ ಮೇಲೆ ಷಾಂಪೇನ್ ಗ್ಲಾಸುಗಳ ಗೋಪುರ ಕಟ್ಟಿ, ಚಕ್ರಗಳನ್ನು ಗಂಟೆಗೆ 145 ಮೈಲಿ ವೇಗದಲ್ಲಿ ತಿರುಗಿಸಿದರು. ಒಂದು ಗ್ಲಾಸೂ ಬೀಳಲಿಲ್ಲ. ಅವರು ಮಾರಿದ್ದು ಎಂಜಿನ್ನಿನ ಶಕ್ತಿಯನ್ನಲ್ಲ, ಎಂಜಿನ್ ಇದೆ ಅಂತಲೇ ಗೊತ್ತಾಗದ ಹಾಗೆ ಮಾಡಿದ್ದನ್ನು. 1990ರಲ್ಲಿ ಅಮೆರಿಕದಲ್ಲಿ 40 ಸಾವಿರಕ್ಕೂ ಹೆಚ್ಚು ಎಲ್‌ಎಸ್ ಹೋದವು. ಐದನೇ ತಲೆಮಾರಿನ ಎಲ್‌ಎಸ್ 500ರಲ್ಲಿ 416 ಕುದುರೆ ಇತ್ತು, ಮಾರಾಟ ಮಾತ್ರ ಅದರ ಹತ್ತಿರಕ್ಕೂ ಬರಲಿಲ್ಲ. ಹೌದು, ಮಧ್ಯದಲ್ಲಿ ಎಸ್‌ಯುವಿಗಳು ಬಂದು ಸೆಡಾನ್‌ಗಳ ಅನ್ನ ಕಸಿದುಕೊಂಡವು, ಪೂರ್ತಿ ತಪ್ಪು ಎಂಜಿನ್ನಿನದಲ್ಲ. ಆದರೆ ಪವರ್ ಹೆಚ್ಚಿಸಿದರೆ ಜನ ವಾಪಸ್ ಬರುತ್ತಾರೆ ಅನ್ನುವುದಾಗಿದ್ದರೆ ಬರಬೇಕಿತ್ತಲ್ಲ.

ಇನ್ನೂ ಹಿಂದಿನ ಕಥೆ ಬೇಕಾ? ಮರ್ಸಿಡಿಸ್ ಡಬ್ಲ್ಯು123. ಅದರ 200ಡಿ ಡೀಸೆಲ್ ಶುರುವಿನಲ್ಲಿ ಕೊಡುತ್ತಿದ್ದುದು 55 ಕುದುರೆ. 100ರ ವೇಗ ಮುಟ್ಟಲು 30 ಸೆಕೆಂಡ್ ಆಸುಪಾಸು. ಅಷ್ಟರಲ್ಲಿ ಒಂದು ಪೂರ್ತಿ ಜಾಹೀರಾತು ನೋಡಿ ಮುಗಿಸಬಹುದು. 1976ರಿಂದ 1986ರ ತನಕ ಎಲ್ಲ ಮಾದರಿ ಸೇರಿ ಆ ಗಾಡಿ ಸುಮಾರು 27 ಲಕ್ಷ ತಯಾರಾಯಿತು. ಜನ ಕಾದು ಕಾದು ತೆಗೆದುಕೊಂಡರು. ಯಾಕೆ? ಹಾಳಾಗುವುದಿಲ್ಲ ಅಂತ. ಬಾಗಿಲು ಹಾಕಿದರೆ ತಿಜೋರಿ ಹಾಕಿದ ಸದ್ದು ಬರುತ್ತದೆ ಅಂತ. ನಿಧಾನವಾಗಿ ಹೋದರೂ ದೊಡ್ಡಸ್ತಿಕೆ ಕಮ್ಮಿ ಆಗುವುದಿಲ್ಲ ಅಂತ.

ಹಾಗಂತ ಪವರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಳಗೆ ಒಂದು ಗೆರೆ ಇದೆ, ಅದಕ್ಕಿಂತ ಕೆಳಗೆ ಇಳಿದರೆ ಮರ್ಯಾದೆ ಹೋಗುತ್ತದೆ. 1982ರ ಮಾದರಿಯಾಗಿ ಅಮೆರಿಕದ ಲಕ್ಷುರಿ ಬ್ರ್ಯಾಂಡ್ ಕ್ಯಾಡಿಲಾಕ್‌ನಿಂದ ಸಿಮರಾನ್ ಅಂತ ಒಂದು ಬಂತು. 1.8 ಲೀಟರ್ ಎಂಜಿನ್, 88 ಕುದುರೆ, ಮೇಲೆ ಕ್ಯಾಡಿಲಾಕ್ ಬಿಲ್ಲೆ. ಎಕ್ಸಲರೇಟರ್ ಒತ್ತಿದರೆ ಗಾಡಿ ಯೋಚನೆ ಮಾಡುತ್ತದೆ ಅಂತ ಎಲ್ಲರೂ ಬೈದರು. 1985ಕ್ಕೆ ವಿ6 ಕೊಟ್ಟರು. ಪಿಕಪ್ ಸರಿಹೋಯಿತು, ಗಾಡಿ ಉಳಿಯಲಿಲ್ಲ. 1988ಕ್ಕೆ ಮುಗಿಯಿತು. ಯಾಕೆಂದರೆ ನಿಜವಾದ ರೋಗ ಎಂಜಿನ್ ಆಗಿರಲಿಲ್ಲ, ಅದು ಒಳಗಿನಿಂದ ಅಗ್ಗದ ಗಾಡಿಯಾದ ಷೆವರ್ಲೆ ಕ್ಯಾವಲಿಯರ್ ಅನ್ನುವುದು ಎಲ್ಲರಿಗೂ ಗೊತ್ತಾಗಿತ್ತು. ಪವರ್ ಕಮ್ಮಿ ಆದರೆ ಗಾಡಿ ಸೋಲಬಹುದು. ಪವರ್ ಸೇರಿಸಿದ ಮಾತ್ರಕ್ಕೆ ಸೋತ ಗಾಡಿ ಗೆಲ್ಲುವುದಿಲ್ಲ. ಈ ಎರಡು ಮಾತನ್ನು ಜನ ಒಂದೇ ಅಂದುಕೊಂಡುಬಿಡುತ್ತಾರೆ.

ಪವರ್‌ನಿಂದಲೇ ಗೆದ್ದ ಗಾಡಿಯೂ ಇದೆ, ಇಲ್ಲ ಅಂದರೆ ಮೋಸ ಆಗುತ್ತದೆ. 1988ರಲ್ಲಿ ಜಪಾನಿನಲ್ಲಿ ನಿಸ್ಸಾನ್ ಸೀಮಾ ಬಂತು, 3 ಲೀಟರ್ ಟರ್ಬೊ ವಿ6, 255 ಕುದುರೆ. ಎಕ್ಸಲರೇಟರ್ ಒತ್ತಿದರೆ ಹಿಂಭಾಗ ಕುಸಿದು ಮೂತಿ ಮೇಲೆತ್ತಿ ನುಗ್ಗುತ್ತಿತ್ತು. ಅದು ಎಷ್ಟು ಹೋಯಿತು ಅಂದರೆ ಆ ಕಾಲದ ಕೊಳ್ಳುವ ಹುಚ್ಚಿಗೇ ಜಪಾನಿನಲ್ಲಿ ಈ ಗಾಡಿಯ ಹೆಸರು ಅಂಟಿಕೊಂಡಿತು. ಆದರೆ ಕಾಲ ನೋಡಿ. ಷೇರು ಮತ್ತು ಜಾಗದ ಬೆಲೆ ಆಕಾಶ ಮುಟ್ಟಿದ್ದ ವರ್ಷಗಳು. ಕೈಯಲ್ಲಿ ದುಡ್ಡು ಕುಣಿಯುವಾಗ ಮೂತಿ ಎತ್ತಿ ನುಗ್ಗುವ ಗಾಡಿ ಬೇಕು ಅನಿಸುತ್ತದೆ.

ಇನ್ನು ಪವರ್ ಬೇರೆ, ಪವರ್‌ನ ದೌಲತ್ತು ಬೇರೆ ಅನ್ನುವುದಕ್ಕೆ ಮರ್ಸಿಡಿಸ್ ಸಿ63ಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಹಳೆಯ ಸಿ63 ಎಸ್‌ನಲ್ಲಿ 4 ಲೀಟರ್ ವಿ8, 510 ಕುದುರೆ. ಹೊಸದರಲ್ಲಿ ಆ ವಿ8 ಕಿತ್ತು 2 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಮೋಟಾರ್ ಸೇರಿಸಿದರು, ಪವರ್ 680ಕ್ಕೆ ಏರಿತು. ಒಂದೇ ಏಟಿಗೆ 170 ಕುದುರೆ ಜಾಸ್ತಿ! ಜನ ಕುಣಿದಾಡಬೇಕಿತ್ತು. ಆದದ್ದು ಉಲ್ಟಾ. ಅಭಿಮಾನಿಗಳು ಮುನಿಸಿಕೊಂಡರು. ಗಾಡಿ ಎರಡು ಟನ್ ದಾಟಿತು, ಸದ್ದು ಹೋಯಿತು, "ನಾಲ್ಕು ಸಿಲಿಂಡರಾ?" ಅಂತ ಕೇಳುವವರ ಮುಂದೆ ಎದೆ ಉಬ್ಬಿಸಲು ಆಗದಾಯಿತು. ಅಂಥ ಗಾಡಿ ಕೊಳ್ಳುವವರು ಕೊಳ್ಳುತ್ತಿದ್ದುದು ವಿ8 ಗುಡುಗನ್ನು, ಬ್ರೋಷರ್‌ನ ಅಂಕಿಯನ್ನಲ್ಲ.

ದೌಲತ್ತಿನ ಮಾತು ಬಂತಲ್ಲ, ಹಿಂಭಾಗದ ಬಿಲ್ಲೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಜರ್ಮನ್ ಕಂಪನಿಗಳಲ್ಲಿ ಮಾದರಿ ಹೆಸರು ಹಾಕದೆ ಗಾಡಿ ಕೊಡಿ ಅಂತ ಆರ್ಡರ್ ಮಾಡಬಹುದು. ಬಿಎಂಡಬ್ಲ್ಯು 320 ಕೊಂಡವನೂ ಹಾಗೆ ಮಾಡುತ್ತಾನೆ, ಚಿಕ್ಕ ಎಂಜಿನ್ ಅಂತ ಯಾರಿಗೂ ಗೊತ್ತಾಗದಿರಲಿ ಅಂತ. ದೊಡ್ಡ ಎಂಜಿನ್ ಕೊಂಡವನೂ ಮಾಡುತ್ತಾನೆ, ನನಗೆ ತೋರಿಸಿಕೊಳ್ಳುವ ಚಟ ಇಲ್ಲ ಅಂತ ತೋರಿಸಿಕೊಳ್ಳಲು. ಇನ್ನು ಕೆಲವರು ಅತಿ ಚಿಕ್ಕ ಎಂಜಿನ್ ತೆಗೆದುಕೊಂಡು ಅದಕ್ಕೆ ವೇಗದ ಮಾದರಿಗಳ ಹಾಗೆ ಕಾಣಿಸುವ ಎಂ ಸ್ಪೋರ್ಟ್ ಬಂಪರ್, ಎಎಂಜಿ ಲೈನ್ ಚಕ್ರ ಹಾಕಿಸುತ್ತಾರೆ. ಜುಟ್ಟಿಗೆ ಮಲ್ಲಿಗೆ ಹೂವು. ನಗಬೇಡಿ, ಕಂಪನಿಗಳ ಹೊಟ್ಟೆ ತುಂಬುವುದೇ ಇವರಿಂದ. ಮೇಲಿನ ದೊಡ್ಡ ಎಂಜಿನ್ ಪೋಸ್ಟರಿಗೆ, ಅದನ್ನು ನೋಡಿ ಒಳಗೆ ಬಂದವನು ತೆಗೆದುಕೊಂಡು ಹೋಗುವುದು ಕೆಳಗಿನದನ್ನು. ಆ ಅರ್ಥದಲ್ಲಿ ಪವರ್ ಮಾರಾಟಕ್ಕೆ ಸಹಾಯ ಮಾಡುತ್ತದೆ ಅನ್ನಬಹುದು, ಆದರೆ ತಾನು ಕೂತಿರುವ ಗಾಡಿಯದ್ದಲ್ಲ, ಪಕ್ಕದ ಗಾಡಿಯದ್ದು.

ತೆರಿಗೆಯ ಕೈವಾಡವನ್ನೂ ಮರೆಯಬಾರದು. ಚೀನಾದಲ್ಲಿ 2008ರಿಂದ 4 ಲೀಟರ್ ದಾಟಿದ ಎಂಜಿನ್ನಿಗೆ ಶೇ 40 ಬಳಕೆ ತೆರಿಗೆ, 1.5ರಿಂದ 2 ಲೀಟರ್‌ವರೆಗಿನದಕ್ಕೆ ಶೇ 5. ಲಕ್ಷುರಿ ಸೆಡಾನ್‌ಗಳಿಗೆ ಅಷ್ಟು ದೊಡ್ಡ ಮಾರುಕಟ್ಟೆ ಹೀಗಿರುವಾಗ ಯಾವ ಕಂಪನಿ ತಾನೇ 2 ಲೀಟರ್ ಟರ್ಬೊ ಬಿಟ್ಟು ಬೇರೆ ಯೋಚಿಸುತ್ತದೆ? ಅಲ್ಲಿನ ಜನ ದುಡ್ಡು ಸುರಿದದ್ದು ಉದ್ದದ ಗಾಡಿಗೆ. ಔಡಿ ಎ6ಎಲ್ ನೋಡಿ. ಎಂಜಿನ್ ಸಾಧಾರಣ, ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಧಾರಾಳ. ಕೊಂಡವನು ಕೂರುವುದು ಹಿಂದೆ, ಅವನಿಗೆ ಎಕ್ಸಲರೇಟರ್ ಎಲ್ಲಿದೆ ಅಂತಲೇ ಕಾಣುವುದಿಲ್ಲ.

ಎಲೆಕ್ಟ್ರಿಕ್ ಗಾಡಿಗಳು ಬಂದ ಮೇಲಂತೂ ಈ ಆಟವೇ ಕೆಟ್ಟುಹೋಯಿತು. ಮೋಟಾರಿನಲ್ಲಿ ಪವರ್ ಹೆಚ್ಚಿಸುವುದು ವಿ12 ಕಟ್ಟಿದಷ್ಟು ಕಷ್ಟದ ಕೆಲಸ ಅಲ್ಲ. ಲೂಸಿಡ್ ಏರ್ ಸಫೈರ್‌ನಲ್ಲಿ 1,234 ಕುದುರೆ ಇದೆ. ಆ ಕಂಪನಿ 2023ರಲ್ಲಿ ಎಲ್ಲ ಮಾದರಿ ಸೇರಿ ಗ್ರಾಹಕರ ಕೈಗೆ ಕೊಟ್ಟ ಗಾಡಿ ಸುಮಾರು 6 ಸಾವಿರ. ಕುದುರೆಗಳಿಂದಲೇ ಗಾಡಿ ಹೋಗುವುದಾಗಿದ್ದರೆ ಅವರ ಕಾರ್ಖಾನೆ ಹಗಲು ರಾತ್ರಿ ಓಡಬೇಕಿತ್ತು.

ನನ್ನದೂ ಒಂದು ಕಥೆ ಇದೆ. ಕೆಲವು ವರ್ಷ ಹಿಂದೆ ನಾನೂ ಕುದುರೆ ಕಂಡರೆ ಕಾಲು ನೋವು ಅನ್ನುವ ಹಾಗೆ, ಬ್ರೋಷರ್‌ನಲ್ಲಿ ಜಾಸ್ತಿ ಅಂಕಿ ಕಂಡು ಇರುವ ಗಾಡಿ ಸಾಲದು ಅಂತ ಆರು ಸಿಲಿಂಡರ್ ಟರ್ಬೊ ಸೆಡಾನ್ ಒಂದನ್ನು ತೆಗೆದುಕೊಂಡಿದ್ದೆ. ಯಾವ ಕಂಪನಿಯದು ಅಂತ ಬೇಡ. ಮೊದಲ ತಿಂಗಳು ಸ್ವರ್ಗ. ಸಿಕ್ಕವರನ್ನೆಲ್ಲ ಕೂರಿಸಿಕೊಂಡು ಬೆನ್ನು ಸೀಟಿಗೆ ಅಂಟುವ ಹಾಗೆ ಓಡಿಸಿ ತೋರಿಸಿದೆ. ಎರಡನೇ ತಿಂಗಳಿಗೆ ತೋರಿಸಲು ಜನ ಮುಗಿದರು. ಆಮೇಲೆ ಉಳಿದದ್ದು ಗಟ್ಟಿ ಸಸ್ಪೆನ್ಷನ್, ತೆಳ್ಳನೆ ಟೈರು, ಬೇಗ ಸವೆಯುವ ಹಿಂದಿನ ಚಕ್ರ, ಮತ್ತು ಸಣ್ಣ ಗುಂಡಿಗೂ "ಅಯ್ಯೋ" ಅನ್ನುವ ಅಮ್ಮ. ಆ ಪವರನ್ನು ಪೂರ್ತಿ ಬಳಸಿದ್ದು ಎಷ್ಟು ಸಲ ಅಂತ ಲೆಕ್ಕ ಹಾಕಿದರೆ ಎರಡು ಕೈ ಬೆರಳು ಸಾಕು. ಆದರೂ ನಿಜ ಹೇಳುತ್ತೇನೆ, ಆ ಹತ್ತು ಸಲವನ್ನು ಮರೆತಿಲ್ಲ. ಇಎಸ್‌ನ ನಾಲ್ಕು ದಿನದಲ್ಲಿ ಅಂಥ ಒಂದು ಕ್ಷಣವೂ ಬರಲಿಲ್ಲ. ಬೇಕು ಅಂತಲೂ ಅನಿಸಲಿಲ್ಲ, ಅದು ಬೇರೆ ಮಾತು.

ಹಾಗಾದರೆ ಇಎಸ್ 300ಎಚ್ ಯಾರಿಗೆ? ದಿನಾ ಟ್ರಾಫಿಕ್ಕಿನಲ್ಲಿ ಓಡಾಡುವವರಿಗೆ, ಹಿಂದೆ ಕೂರುವವರಿಗೆ, ಸದ್ದು ಅಂದರೆ ತಲೆನೋವು ಅನ್ನುವವರಿಗೆ. 100 ಕಿಲೋಮೀಟರಿಗೆ 5ರಿಂದ 6 ಲೀಟರ್ ಕುಡಿಯುತ್ತದೆ, ಇಷ್ಟು ದೊಡ್ಡ ಪೆಟ್ರೋಲ್ ಸೆಡಾನ್‌ಗೆ ಇದು ತುಂಬಾ ಕಮ್ಮಿ. ಸೀಟು ಚೆನ್ನಾಗಿದೆ, ಮಾರ್ಕ್ ಲೆವಿನ್‌ಸನ್ ಸ್ಪೀಕರ್‌ಗಳಿರುವ ಮಾದರಿ ಸಿಕ್ಕರೆ ಬಿಡಬೇಡಿ, ಇಷ್ಟು ಸೈಲೆಂಟ್ ಗಾಡಿಯಲ್ಲಿ ಅದಕ್ಕೆ ಬೆಲೆ ಬರುತ್ತದೆ. ಹಳೆಯದು ಕೊಳ್ಳುವುದಾದರೆ ಪರದೆ ಬೆರಳಿನಿಂದ ಮುಟ್ಟಿದರೆ ಕೆಲಸ ಮಾಡುತ್ತದಾ ನೋಡಿಕೊಳ್ಳಿ. ಮೊದಲು ಬಂದವುಗಳಲ್ಲಿ ಟಚ್‌ಪ್ಯಾಡ್ ಇತ್ತು, ಅದನ್ನು ವಿಮರ್ಶಕರು ಬೈದು ಬೈದು ಸುಸ್ತಾದ ಮೇಲೆ ಟಚ್‌ಸ್ಕ್ರೀನ್ ಬಂತು. ತಿರುವಿನ ರಸ್ತೆ ಕಂಡರೆ ಕೈ ತುರಿಸುವವರು ಇದರ ಹತ್ತಿರ ಬರಬೇಡಿ, ಬಂದು ಬೈಯಬೇಡಿ.

ಕೊನೆ ದಿನ ಗೆಳೆಯನನ್ನು ಒಂದು ಸುತ್ತು ಕರೆದುಕೊಂಡು ಹೋದೆ. ಬೇಕೆಂದೇ ಹಿಂದೆ ಕೂರಿಸಿದೆ. ಹತ್ತು ನಿಮಿಷ ಕಾಲು ಚಾಚಿದ, ಕಿಟಕಿಯ ಪರದೆ ಎಳೆದು ಬಿಟ್ಟು ಮಾಡಿದ, ಪಿಸುಮಾತಿನಲ್ಲಿ ಯಾರಿಗೋ ಫೋನ್ ಮಾಡಿದ. ಬಿಎಚ್‌ಪಿ ಸುದ್ದಿಯೇ ಇಲ್ಲ. ಇಳಿದ ಮೇಲೆ ಡಿಕ್ಕಿ ತೆಗೆಸಿ ನೋಡಿದ. ಬ್ಯಾಟರಿ ಹಿಂದಿನ ಸೀಟಿನ ಕೆಳಗೆ ಇರುವುದರಿಂದ 454 ಲೀಟರ್ ಜಾಗ ಪೂರ್ತಿ ಖಾಲಿ ಇತ್ತು. "ಸೀಟು ಮಡಚಿದರೆ ಮಗನ ಸೈಕಲ್ ಹಿಡಿಸುತ್ತಾ?" ಅಂದ. ಇದರಲ್ಲಿ ಹಿಂದಿನ ಸೀಟು ಮಡಚುವುದಿಲ್ಲ ಅಂದೆ. ಈ ಸಲ ಅವನ ಮುಖ ನಿಜವಾಗಿ ಸಪ್ಪೆಯಾಯಿತು.